ಜೂಮ್ ಮಸೂರವೋ, ಸ್ಥಿರ ಮಸೂರವೋ? ಕೊಳ್ಳುವ ಮೊದಲು ಒಂದಿಷ್ಟು ಲೆಕ್ಕ

ಮಸೂರ ಬದಲಾಯಿಸಬಹುದಾದ ಕ್ಯಾಮೆರಾ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ ಇದು. ಒಂದೇ ಮಸೂರದಲ್ಲಿ ದೂರದ್ದನ್ನೂ ಹತ್ತಿರದ್ದನ್ನೂ ಹಿಡಿಯುವ ಜೂಮ್ ಒಂದು ಕಡೆ. ಒಂದೇ ಸಂಗಮದೂರವಿರುವ, ಛಾಯಾಗ್ರಾಹಕರು ಪ್ರೈಮ್ ಲೆನ್ಸ್ ಎಂದು ಕರೆಯುವ ಸ್ಥಿರ ಮಸೂರ ಇನ್ನೊಂದು ಕಡೆ. ಜೂಮ್ ಅನುಕೂಲ, ಪ್ರೈಮ್ ಗುಣಮಟ್ಟ ಎಂಬ ಮಾತು ವಾಡಿಕೆಯಲ್ಲಿದೆ. ಇದು ಅರ್ಧ ಸತ್ಯ ಮಾತ್ರ. ಪ್ರೌಢಶಾಲೆಯ ಬೆಳಕಿನ ಪಾಠ ಓದಿದ ಯಾರೇ ಆದರೂ ಗುಣಾಕಾರ, ಭಾಗಾಕಾರಗಳಿಂದಲೇ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬಹುದು.

ಲೆಕ್ಕಕ್ಕೆ ಒಂದು ನೆಲೆ ಬೇಕಷ್ಟೆ. ನಿಮ್ಮ ಶಾಲೆ ಯಾದಗಿರಿ ತಾಲ್ಲೂಕಿನ ಅಬ್ಬೆತುಮಕೂರಿನಲ್ಲಿದೆ ಎಂದುಕೊಳ್ಳಿ. ಶಾಲೆಯ ವಿಜ್ಞಾನ ಸಂಘವೂ ಇತಿಹಾಸ ಸಂಘವೂ ಸೇರಿ ಸುತ್ತಲಿನ ಸೀಮೆಯ ಚಿತ್ರದಾಖಲೆ ಮಾಡಬೇಕೆಂದಿವೆ. ಕೈಯಲ್ಲಿರುವ ಹಣಕ್ಕೆ ಕ್ಯಾಮೆರಾದ ಜೊತೆ ಒಂದು ಮಸೂರ, ಹೆಚ್ಚೆಂದರೆ ಎರಡು ಬಂದಾವು. ಕೆಲಸಗಳು ನಾಲ್ಕು. ಒಂದು, ಶಹಾಪುರ ತಾಲ್ಲೂಕಿನ ಶಿರವಾಳದ ಹಳೆಯ ಗುಡಿಗಳಂಥ ಕಡೆ ಕಲ್ಬರಹ ಮತ್ತು ಕೆತ್ತನೆಗಳ ಚಿತ್ರ. ಎರಡು, ಊರಿನ ವಿಶ್ವಾರಾಧ್ಯರ ಮಠದಲ್ಲಿ ಒಪ್ಪಿಗೆ ಪಡೆದು ದೀಪದ ಬೆಳಕಿನಲ್ಲಿ ತೆಗೆಯುವ ಚಿತ್ರ. ಮೂರು, ಜಾತ್ರೆಯ ತೇರು. ನಾಲ್ಕು, ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಹಕ್ಕಿಗಳು. ತಪ್ಪು ಮಸೂರ ಕೊಂಡರೆ ಹಣ ಹೋಗುವುದಷ್ಟೇ ಅಲ್ಲ. ತೇರು ಮತ್ತೆ ಎಳೆಯುವುದು ಮುಂದಿನ ವರ್ಷ. ವಲಸೆ ಹಕ್ಕಿ ಮುಂದಿನ ಚಳಿಗಾಲಕ್ಕೆ ಅದೇ ಕೆರೆಗೆ ಬಂದೀತೆಂಬ ಖಾತರಿಯೂ ಇಲ್ಲ.

ಸಂಗಮದೂರ ಏನನ್ನು ನಿರ್ಧರಿಸುತ್ತದೆ?

ದೂರದ ವಸ್ತುವಿನ ಬಿಂಬದ ಅಳತೆಗೆ ಸೂತ್ರ ಸರಳ: ಬಿಂಬದ ಅಳತೆ = ಸಂಗಮದೂರ × ವಸ್ತುವಿನ ಅಳತೆ ÷ ವಸ್ತುವಿನ ದೂರ. ಸಂಗಮದೂರ ಇಮ್ಮಡಿಯಾದರೆ ಬಿಂಬವೂ ಇಮ್ಮಡಿ. ಬಿಂಬ ದೊಡ್ಡದಾದಷ್ಟೂ ಚೌಕಟ್ಟಿನೊಳಗೆ ಹಿಡಿಯುವ ನೋಟ ಕಿರಿದು. ಕ್ಯಾಮೆರಾದ ಸಂವೇದಕ 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರದ್ದಾದರೆ (ಇದು ಬಹು ಬಳಕೆಯ ಅಳತೆಗಳಲ್ಲೊಂದು) ಅಡ್ಡ ನೋಟದ ಕೋನ ಸುಮಾರಾಗಿ ಹೀಗಿರುತ್ತದೆ:

18 ಮಿ.ಮೀ. ಮಸೂರ – 64 ಡಿಗ್ರಿ
35 ಮಿ.ಮೀ. – 35 ಡಿಗ್ರಿ
50 ಮಿ.ಮೀ. – 25 ಡಿಗ್ರಿ
250 ಮಿ.ಮೀ. – 5 ಡಿಗ್ರಿ
400 ಮಿ.ಮೀ. – 3 ಡಿಗ್ರಿ

ಸಂವೇದಕ ಇದಕ್ಕಿಂತ ದೊಡ್ಡದಾದರೆ ಅದೇ ಮಸೂರ ಹೆಚ್ಚು ಅಗಲದ ನೋಟ ಕೊಡುತ್ತದೆ. 36 ಮಿ.ಮೀ. ಅಗಲದ ಸಂವೇದಕದಲ್ಲಿ 50 ಮಿ.ಮೀ. ಮಸೂರದ ಕೋನ ಸುಮಾರು 40 ಡಿಗ್ರಿ.

ಮಾಡಿ ನೋಡಿ – 1. ಎ-4 ಅಳತೆಯ ರಟ್ಟಿನ ನಡುವೆ 22 ಸೆಂ.ಮೀ. × 15 ಸೆಂ.ಮೀ. ಕಿಂಡಿ ಕತ್ತರಿಸಿ. ಇದು ಸಂವೇದಕದ ಹತ್ತರಷ್ಟು ದೊಡ್ಡ ಮಾದರಿ. ಒಂದು ಕಣ್ಣು ಮುಚ್ಚಿ, ರಟ್ಟನ್ನು ತೆರೆದ ಕಣ್ಣಿನಿಂದ 18 ಸೆಂ.ಮೀ. ದೂರದಲ್ಲಿ ಹಿಡಿಯಿರಿ. ಕಿಂಡಿಯಲ್ಲಿ ಕಾಣುವುದೇ 18 ಮಿ.ಮೀ. ಮಸೂರದ ನೋಟ. ರಟ್ಟನ್ನು 35 ಸೆಂ.ಮೀ.ಗೆ ಸರಿಸಿದರೆ 35 ಮಿ.ಮೀ., 50 ಸೆಂ.ಮೀ.ಗೆ ಸರಿಸಿದರೆ 50 ಮಿ.ಮೀ. ಇನ್ನೊಂದು ರಟ್ಟಿನಲ್ಲಿ 4.5 ಸೆಂ.ಮೀ. × 3 ಸೆಂ.ಮೀ. ಕಿಂಡಿ ಮಾಡಿ 50 ಸೆಂ.ಮೀ. ದೂರದಲ್ಲಿ ಹಿಡಿದರೆ 250 ಮಿ.ಮೀ. ಮಸೂರದ ನೋಟ ಸಿಗುತ್ತದೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟಸಾಲನ್ನು ರಸ್ತೆಯ ಬದಿಯಿಂದ ಈ ಎರಡೂ ಕಿಂಡಿಗಳಲ್ಲಿ ನೋಡಿ. ತಲೆಯಿಂದ ಪಾದದವರೆಗೆ ಇಡೀ ಆಕೃತಿ ಯಾವ ಅಂತರದಲ್ಲಿ ಒಳಗೆ ಕೂರುತ್ತದೆ, ಮುಖ ಮಾತ್ರ ತುಂಬಲು ಯಾವ ಅಂತರ ಬೇಕು ಎಂದು ಬರೆದಿಟ್ಟುಕೊಳ್ಳಿ. ಒಂದು ರೂಪಾಯಿ ಖರ್ಚಿಲ್ಲದೆ ನಿಮಗೆ ಬೇಕಾದ ಸಂಗಮದೂರ ಗೊತ್ತಾಗುತ್ತದೆ.

ನಾಲ್ಕು ಕೆಲಸಗಳಿಗೂ ಹೀಗೆ ಪಟ್ಟಿ ಮಾಡಿದಾಗ ಒಂದೇ ಅಳತೆ ಮತ್ತೆ ಮತ್ತೆ ಬಂದರೆ ಸ್ಥಿರ ಮಸೂರ ಸಾಕು. ಅಳತೆಗಳು ದೂರದೂರ ಚದರಿದ್ದರೆ ಜೂಮ್ ಬೇಕೆಂದು ಅರ್ಥ. ಆದರೆ ತೀರ್ಮಾನಕ್ಕೆ ಇಷ್ಟೇ ಸಾಲದು. ಬೆಳಕಿನ ಲೆಕ್ಕ ಇನ್ನೂ ಉಳಿದಿದೆ.

ಜೂಮ್ ಕೆಲಸ ಮಾಡುವ ಬಗೆ

ಒಂದೇ ಮಸೂರದ ಸಂಗಮದೂರವನ್ನು ಬದಲಿಸಲಾಗದು. ಎರಡು ಮಸೂರಗಳ ಜೋಡಿಯ ಸಂಗಮದೂರವನ್ನು ಬದಲಿಸಬಹುದು. ಅವುಗಳ ನಡುವಿನ ಅಂತರವನ್ನು ಹೆಚ್ಚು ಕಡಿಮೆ ಮಾಡಿದರಾಯಿತು. 10 ಸೆಂ.ಮೀ. ಸಂಗಮದೂರದ ಪೀನ ಮಸೂರವೂ ಅಷ್ಟೇ ಸಂಗಮದೂರದ ನಿಮ್ನ ಮಸೂರವೂ ಇವೆ ಎನ್ನಿ. ಇವೆರಡನ್ನೂ ಅಂಟಿಸಿಟ್ಟರೆ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುತ್ತದೆ. ಅಂತರ ಕೊಟ್ಟರೆ ಜೋಡಿಯ ಸಂಗಮದೂರ 100 ÷ ಅಂತರ ಎಂದಾಗುತ್ತದೆ, ಅಳತೆಗಳೆಲ್ಲ ಸೆಂಟಿಮೀಟರಿನಲ್ಲಿ. ಅಂತರ 5 ಇದ್ದರೆ ಸಂಗಮದೂರ 20. ಅಂತರವನ್ನು 2ಕ್ಕೆ ಇಳಿಸಿದರೆ 50. ಮೂರು ಸೆಂಟಿಮೀಟರ್ ಸರಿಸಿದ್ದಕ್ಕೆ ಬಿಂಬ ಎರಡೂವರೆ ಪಟ್ಟು ಬೆಳೆಯುತ್ತದೆ. ಜೂಮಿನ ತಿರುಳು ಇದೇ.

ಮಾಡಿ ನೋಡಿ – 2. ಪ್ರಯೋಗಾಲಯದಲ್ಲಿ ಈ ಎರಡು ಮಸೂರಗಳಿದ್ದರೆ ಕತ್ತಲೆ ಕೋಣೆಯಲ್ಲಿ ಕಿಟಕಿಯಾಚೆಯ ಮರದ ಬಿಂಬವನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ಪೀನ ಮಸೂರ ಮರದ ಕಡೆಗಿರಲಿ. ಅಂತರ 5 ಸೆಂ.ಮೀ. ಇದ್ದಾಗ ನಿಮ್ನ ಮಸೂರದ ಹಿಂದೆ 10 ಸೆಂ.ಮೀ. ದೂರದಲ್ಲಿ ಬಿಂಬ ಮೂಡುತ್ತದೆ. ಅಂತರ 2 ಸೆಂ.ಮೀ. ಆದಾಗ ಬಿಂಬ ದೊಡ್ಡದಾಗುತ್ತದೆ, ಆದರೆ ಕಾಗದವನ್ನು 40 ಸೆಂ.ಮೀ. ದೂರಕ್ಕೆ ಒಯ್ಯಬೇಕಾಗುತ್ತದೆ. ಬಿಂಬ ಮಂಕಾಗುವುದನ್ನೂ ಅದರ ಅಂಚಿನಲ್ಲಿ ಬಣ್ಣದ ಗೆರೆ ಕಾಣುವುದನ್ನೂ ಗಮನಿಸಿ.

ಜೂಮ್ ತಯಾರಕರ ಎಲ್ಲ ತೊಡಕುಗಳೂ ಈ ಪುಟ್ಟ ಪ್ರಯೋಗದಲ್ಲಿವೆ. ಕ್ಯಾಮೆರಾದ ಸಂವೇದಕ ಕದಲುವುದಿಲ್ಲ. ಆದ್ದರಿಂದ ಬಿಂಬವನ್ನು ಇದ್ದಲ್ಲೇ ನಿಲ್ಲಿಸಲು ಮಸೂರಗಳ ಇನ್ನೊಂದು ಗುಂಪನ್ನೂ ಲೆಕ್ಕಾಚಾರದಂತೆ ಸರಿಸಬೇಕು. ಬಣ್ಣದ ಅಂಚಿಗೆ ಕಾರಣ ವರ್ಣ ವಿಪಥನ. ಒಂದು ಸಂಗಮದೂರಕ್ಕೆ ಅದನ್ನು ಸರಿಪಡಿಸಿದರೆ ಇನ್ನೊಂದರಲ್ಲಿ ಅದು ಮತ್ತೆ ತಲೆ ಎತ್ತುತ್ತದೆ. ಹೀಗಾಗಿ ಗಾಜಿನ ಬಿಲ್ಲೆಗಳ ಸಂಖ್ಯೆ ಏರುತ್ತದೆ. ಸಂಗಮದೂರ ಬದಲಿಸಬಲ್ಲ ಮಸೂರಕ್ಕೆ ಅಮೆರಿಕದಲ್ಲಿ 1902ರಲ್ಲೇ ಕ್ಲೈಲ್ ಅಲೆನ್ ಪೇಟೆಂಟ್ ಪಡೆದಿದ್ದರು. ಆದರೆ 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಗಳಿಗೆ ಮೊದಲ ಜೂಮ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಫ್ರಾಂಕ್ ಬ್ಯಾಕ್ ವಿನ್ಯಾಸಗೊಳಿಸಿದ, ಫೋಯ್ಗ್ಟ್‌ಲ್ಯಾಂಡರ್ ಹೆಸರಿನಲ್ಲಿ ಬಂದ 36–82 ಮಿ.ಮೀ.ನ ಜೂಮಾರ್ ಅದು. ಮುಂದೆ ಕಂಪ್ಯೂಟರ್ ಲೆಕ್ಕಾಚಾರ, ಹೊಸ ಬಗೆಯ ಗಾಜು, ಗೋಳಾಕಾರವಲ್ಲದ ಮೇಲ್ಮೈಗಳು ಜೂಮನ್ನು ಬಹಳ ಸುಧಾರಿಸಿದವು.

ಗಾಜು ಹೆಚ್ಚಿದರೆ ಆಗುವ ನಷ್ಟವನ್ನೂ ಲೆಕ್ಕ ಹಾಕಬಹುದು. ಲೇಪವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಶೇಕಡ 4ರಷ್ಟು ಬೆಳಕು ಪ್ರತಿಫಲನಗೊಂಡು ಹೋಗುತ್ತದೆ. ಕ್ಯಾನನ್‌ನ 50 ಮಿ.ಮೀ. ಎಫ್/1.8 ಮಸೂರದಲ್ಲಿ ಐದು ಗುಂಪುಗಳಿವೆ, ಎಂದರೆ ಗಾಳಿಗೆ ತಾಗುವ 10 ಮೇಲ್ಮೈಗಳು. ಅದೇ ಕಂಪನಿಯ 55–250 ಮಿ.ಮೀ. ಜೂಮಿನ 2013ರ ಮಾದರಿಯಲ್ಲಿ ಹನ್ನೆರಡು ಗುಂಪುಗಳು, 24 ಮೇಲ್ಮೈಗಳು. ಲೇಪವೇ ಇಲ್ಲದಿದ್ದರೆ ಮೊದಲನೆಯದರಲ್ಲಿ ಶೇಕಡ 66, ಎರಡನೆಯದರಲ್ಲಿ ಶೇಕಡ 38 ಬೆಳಕು ಮಾತ್ರ ಆಚೆ ಬರುತ್ತಿತ್ತು. 1935ರಲ್ಲಿ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಪ್ರತಿಫಲನ ತಗ್ಗಿಸುವ ಲೇಪವನ್ನು ರೂಪಿಸಿದರು. ಲೇಪದಿಂದ ಪ್ರತಿ ಮೇಲ್ಮೈಯ ನಷ್ಟ ಶೇಕಡ ಅರ್ಧಕ್ಕಿಳಿದರೆ ಮೇಲಿನ ಅಂಕಿಗಳು 95 ಮತ್ತು 89 ಆಗುತ್ತವೆ. ಲೇಪವಿಲ್ಲದೆ ಇಂದಿನ ಜೂಮ್ ಸಾಧ್ಯವೇ ಇರಲಿಲ್ಲ. ಆದರೂ ಉಳಿದ ಪ್ರತಿಫಲನ ಒಳಗೇ ಪುಟಿದು ಚಿತ್ರದ ಮೇಲೆ ಮಬ್ಬಾಗಿ ಹರಡುತ್ತದೆ. ಉರಿಯುವ ದೀಪವೇ ಚೌಕಟ್ಟಿನೊಳಗಿದ್ದರೆ ಇದು ಎದ್ದು ಕಾಣುತ್ತದೆ.

ಬೆಳಕಿನ ಲೆಕ್ಕ

ಮಸೂರದ ಮೇಲೆ ಬರೆದಿರುವ ಎಫ್ ಸಂಖ್ಯೆ ಎಂದರೆ ಸಂಗಮದೂರವನ್ನು ಬೆಳಕಿನ ದ್ವಾರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ಅದು ಚಿಕ್ಕದಾದಷ್ಟೂ ಬೆಳಕು ಹೆಚ್ಚು. 50 ಮಿ.ಮೀ. ಎಫ್/1.8 ಮಸೂರದ ದ್ವಾರದ ವ್ಯಾಸ ಸುಮಾರು 28 ಮಿ.ಮೀ. ಕ್ಯಾಮೆರಾದ ಜೊತೆಗೇ ಸಾಮಾನ್ಯವಾಗಿ ಬರುವ 18–55 ಮಿ.ಮೀ. ಜೂಮನ್ನು 50ರಲ್ಲಿಟ್ಟರೆ ಅದು ಎಫ್/5.6ಕ್ಕಿಂತ ಹೆಚ್ಚು ತೆರೆಯದು. ಆಗ ವ್ಯಾಸ 9 ಮಿ.ಮೀ. ಮಾತ್ರ. ಬೆಳಕು ದ್ವಾರದ ಕ್ಷೇತ್ರಫಲಕ್ಕೆ ಅನುಪಾತದಲ್ಲಿರುವುದರಿಂದ ವ್ಯತ್ಯಾಸ 9.7 ಪಟ್ಟು.

ಮಠದೊಳಗಿನ ದೀಪದ ಬೆಳಕಿಗೆ ಇದನ್ನು ಅನ್ವಯಿಸಿ. ಸ್ಥಿರ ಮಸೂರ ಸೆಕೆಂಡಿನ 60ನೇ ಒಂದು ಭಾಗದಲ್ಲಿ ತೆಗೆಯುವ ಚಿತ್ರಕ್ಕೆ ಜೂಮ್ 6ನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಆರತಿ ಎತ್ತುವ ಕೈ ಸರಿದು ಮಸುಕಾಗಿರುತ್ತದೆ. ಇಂದಿನ ಅನೇಕ ಜೂಮ್‌ಗಳಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ ಎನ್ನಬಹುದು. ಅದು ತಡೆಯುವುದು ಚಿತ್ರ ತೆಗೆಯುವವರ ಕೈ ನಡುಕವನ್ನು, ಎದುರಿನವರ ಚಲನೆಯನ್ನಲ್ಲ.

ಸಂವೇದಕದ ಗ್ರಹಣಶಕ್ತಿಯನ್ನು ಏರಿಸುವ ದಾರಿಯೂ ಇದೆ. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನು ಹತ್ತಿದ ಫಿಲ್ಮ್ ಕಾಲದಲ್ಲಿ ಒಂದು ರೋಲಿನ 36 ಚಿತ್ರಗಳಿಗೂ ಒಂದೇ ಗ್ರಹಣಶಕ್ತಿ. ನಡುವೆ ಬದಲಿಸುವಂತಿರಲಿಲ್ಲ. ಈಗ ಪ್ರತಿ ಚಿತ್ರಕ್ಕೂ ಬದಲಿಸಬಹುದು. ಐಎಸ್ಒ 400ರಿಂದ 3200ಕ್ಕೆ ಏರಿಸಿದರೆ ಎಂಟು ಪಟ್ಟು ಅನುಕೂಲ ಸಿಗುತ್ತದೆ, ಆದರೆ ಚಿತ್ರದಲ್ಲಿ ಕಾಳುಕಾಳು ಹೆಚ್ಚುತ್ತದೆ. ಸ್ಥಿರ ಮಸೂರದ ಮೇಲುಗೈ ಹಿಂದಿಗಿಂತ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ದೊಡ್ಡ ದ್ವಾರಕ್ಕೂ ತೆರಬೇಕಾದ ಬೆಲೆಯಿದೆ. 50 ಮಿ.ಮೀ. ಮಸೂರವನ್ನು ಎಫ್/1.8ಕ್ಕೆ ತೆರೆದು ಮೂರು ಮೀಟರ್ ದೂರದವರ ಚಿತ್ರ ತೆಗೆದರೆ ಹಿಂದುಮುಂದಾಗಿ ಸುಮಾರು 25 ಸೆಂ.ಮೀ. ಮಾತ್ರ ಸ್ಪಷ್ಟವಾಗಿರುತ್ತದೆ. ಎಫ್/5.6ರಲ್ಲಿ ಅದು 75 ಸೆಂ.ಮೀ. ದಾಟುತ್ತದೆ. ಒಬ್ಬರ ಮುಖಕ್ಕೆ ಮೊದಲನೆಯದು ಚೆನ್ನ. ಎರಡು ಸಾಲಿನಲ್ಲಿ ನಿಂತ ತರಗತಿಯ ಗುಂಪುಚಿತ್ರಕ್ಕೆ ಆಗದು, ಹಿಂದಿನ ಸಾಲಿನ ಮುಖಗಳು ಕರಗಿಹೋಗುತ್ತವೆ.

ನಾಲ್ಕು ಕೆಲಸ, ನಾಲ್ಕು ಉತ್ತರ

ಕಲ್ಬರಹ: ಒಂದು ಮೀಟರ್ ಅಗಲದ ಶಾಸನಕಲ್ಲಿನ ಬಿಂಬ 20 ಮಿ.ಮೀ. ಬರಬೇಕೆಂದರೆ 50 ಮಿ.ಮೀ. ಮಸೂರ ಹಿಡಿದು ಎರಡೂವರೆ ಮೀಟರ್ ದೂರ ನಿಲ್ಲಬೇಕು. ಕಲ್ಲು ಕದಲುವುದಿಲ್ಲ, ನೀವು ನಡೆಯಬಹುದು. ಆದ್ದರಿಂದ ಸ್ಥಿರ ಮಸೂರ ಸಾಕು. ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟರೆ ಬೆಳಕಿನ ಕೊರತೆ ಕಾಡದು. ಎಫ್/8ರಲ್ಲಿ ನಿಧಾನವಾಗಿ ತೆಗೆಯಬಹುದು. ಇಲ್ಲಿ ಮುಖ್ಯವಾದದ್ದು ಗೆರೆ ನೆಟ್ಟಗಿರುವುದು. ಜೂಮ್ ಮಸೂರಗಳು ಅಗಲ ನೋಟದ ತುದಿಯಲ್ಲಿ ನೇರ ಗೆರೆಯನ್ನು ಹೊರಕ್ಕೆ ಉಬ್ಬಿಸುವುದುಂಟು. ಇದನ್ನು ಕಂಪ್ಯೂಟರಿನಲ್ಲಿ ತಿದ್ದಬಹುದಾದರೂ ಶಾಸನ ಓದುವವರಿಗೆ ಮೊದಲೇ ನೆಟ್ಟಗಿರುವ ಚಿತ್ರ ಮೇಲು. ಮಸೂರ ಯಾವುದೇ ಇರಲಿ, ಬೆಳಕು ಪಕ್ಕದಿಂದ ಓರೆಯಾಗಿ ಬೀಳದಿದ್ದರೆ ಸವೆದ ಅಕ್ಷರ ಕಾಣುವುದಿಲ್ಲ.

ದೀಪದ ಬೆಳಕು: ಲೆಕ್ಕ ಈಗಾಗಲೇ ಆಗಿದೆ. ಇಲ್ಲಿ ಎಫ್/1.8ರ ಸ್ಥಿರ ಮಸೂರಕ್ಕೆ ಸಾಟಿಯಿಲ್ಲ.

ತೇರು: ಹತ್ತು ಮೀಟರ್ ಎತ್ತರದ ತೇರು ಎಂದುಕೊಳ್ಳಿ. ಕ್ಯಾಮೆರಾವನ್ನು ನಿಲುವಾಗಿ ಹಿಡಿದು 20 ಮಿ.ಮೀ. ಎತ್ತರದ ಬಿಂಬ ಪಡೆಯಲು, ತೇರು 40 ಮೀಟರ್ ದೂರವಿದ್ದಾಗ 80 ಮಿ.ಮೀ., 25 ಮೀಟರಿನಲ್ಲಿ 50 ಮಿ.ಮೀ., 10 ಮೀಟರಿನಲ್ಲಿ 20 ಮಿ.ಮೀ. ಸಂಗಮದೂರ ಬೇಕು. ಎಂದರೆ 50 ಮಿ.ಮೀ. ಸ್ಥಿರ ಮಸೂರಕ್ಕೆ ತೇರು ಸರಿಯಾಗಿ ಒಪ್ಪುವುದು ದಾರಿಯ ಒಂದೇ ಜಾಗದಲ್ಲಿ. ಕಾಲೇ ಜೂಮ್ ಎಂದು ಪ್ರೈಮ್ ಮೆಚ್ಚುವವರು ಹೇಳುವುದುಂಟು. ಜಾತ್ರೆಯ ಜನಜಂಗುಳಿಯಲ್ಲಿ ಹಿಂದೆ ಸರಿಯಲು ಕಾಲಿಗೆ ಜಾಗವೇ ಇರುವುದಿಲ್ಲ. ಬೇಸಗೆಯ ಧೂಳಿನಲ್ಲಿ ಮಸೂರ ಕಳಚಿ ಹಾಕಿದರೆ ಸಂವೇದಕದ ಮೇಲೆ ಕಣ ಕೂತು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕಲೆ ಕಾಣುತ್ತದೆ. ಇಲ್ಲಿ ಜೂಮೇ ಸರಿ. ಹಗಲಿನ ಬಿಸಿಲಿನಲ್ಲಿ ಎಫ್/5.6 ಕೊರತೆಯೂ ಅಲ್ಲ.

ಒಂದು ಮಾತು ನೆನಪಿರಲಿ. ಜೂಮ್ ಮಾಡುವುದೂ ನಡೆದು ಹತ್ತಿರ ಹೋಗುವುದೂ ಒಂದೇ ಅಲ್ಲ. ನಡೆದರೆ ಮುಂದಿನ ವಸ್ತುವಿಗೂ ಹಿಂದಿನ ಬೆಟ್ಟಕ್ಕೂ ಇರುವ ಗಾತ್ರದ ಹೋಲಿಕೆ ಬದಲಾಗುತ್ತದೆ. ನಿಂತಲ್ಲೇ ಜೂಮ್ ಮಾಡಿದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಮೊದಲು ನಿಲ್ಲುವ ಜಾಗ ಆರಿಸಿ, ಆಮೇಲೆ ಸಂಗಮದೂರ.

ಹಕ್ಕಿ: ಬೋನಾಳ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಅಕ್ಷರ, ಅಂಕಿಗಳಿರುವ ಕೊರಳಪಟ್ಟಿ ತೊಡಿಸಿದ ಇಂಥ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಪಟ್ಟಿಯ ಮೇಲಿನ ಗುರುತನ್ನು ಓದಲಾದರೆ ಆ ಹಕ್ಕಿ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಓದಲಾಗದ ಚಿತ್ರ ಬರೀ ಒಂದು ಹಕ್ಕಿಯ ಚಿತ್ರ. ಅಕ್ಷರದ ಎತ್ತರ 2 ಸೆಂ.ಮೀ., ಹಕ್ಕಿಯ ದೂರ 60 ಮೀಟರ್ ಎನ್ನಿ. ಅಡ್ಡಸಾಲಿನಲ್ಲಿ 6,000 ಬಿಂದುಗಳಿರುವ ಸಂವೇದಕದಲ್ಲಿ ಅಕ್ಷರದ ಎತ್ತರ 50 ಮಿ.ಮೀ. ಮಸೂರಕ್ಕೆ ನಾಲ್ಕೈದು ಬಿಂದು, 250ಕ್ಕೆ 22 ಬಿಂದು, 400ಕ್ಕೆ 36 ಬಿಂದು. ನಾಲ್ಕೈದು ಬಿಂದುಗಳಲ್ಲಿ ಯಾವ ಅಕ್ಷರವೂ ಮೂಡದು. ಇಪ್ಪತ್ತೆರಡರಲ್ಲಿ ಓದಬಹುದು. ಎಫ್/1.8 ಆಗಲಿ, ಅತಿ ಚೂಪಾದ ಗಾಜಾಗಲಿ ಇಲ್ಲಿ ನೆರವಿಗೆ ಬಾರದು. ಬೇಕಾದ್ದು ಸಂಗಮದೂರ. ನಡುವೆ ನೀರಿದೆ, ನಡೆದು ಹತ್ತಿರ ಹೋಗುವಂತಿಲ್ಲ. ಹೋದರೆ ಹಕ್ಕಿ ಹಾರುತ್ತದೆ.

ಹಾಗಾದರೆ ಹಕ್ಕಿಗೆ 400 ಮಿ.ಮೀ. ಸ್ಥಿರ ಮಸೂರವೋ, 100–400 ಜೂಮೋ? ಕ್ಯಾನನ್ 1993ರಲ್ಲಿ ತಂದ 400 ಮಿ.ಮೀ. ಎಫ್/5.6 ಮಸೂರದಲ್ಲಿ 7 ಬಿಲ್ಲೆಗಳು, ತೂಕ 1.25 ಕಿ.ಗ್ರಾಂ. 2014ರಲ್ಲಿ ತಂದ 100–400 ಜೂಮಿನಲ್ಲಿ 21 ಬಿಲ್ಲೆಗಳು, ತೂಕ ಸುಮಾರು 1.6 ಕಿ.ಗ್ರಾಂ. 400ರಲ್ಲಿ ಎರಡರ ಎಫ್ ಸಂಖ್ಯೆಯೂ 5.6, ಆದ್ದರಿಂದ ಬೆಳಕಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಸ್ಥಿರ ಮಸೂರ ಹಗುರ, ಆದರೆ ನಡುಕ ತಡೆ ಇಲ್ಲ, 3.5 ಮೀಟರಿಗಿಂತ ಹತ್ತಿರದ್ದನ್ನು ಹಿಡಿಯದು. ಜೂಮ್ ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ ದೂರದ ಚಿಟ್ಟೆಯನ್ನೂ ಹಿಡಿಯುತ್ತದೆ. ಪ್ರೈಮ್ ಎಂದರೆ ಯಾವಾಗಲೂ ಹೆಚ್ಚು ಬೆಳಕು ಎಂಬ ನಂಬಿಕೆ ತಪ್ಪೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಬೆಲೆ ಎರಡರದ್ದೂ ಶಾಲೆಯ ಕೈಗೆ ಎಟುಕುವಂಥದ್ದಲ್ಲ. 55–250ರಂಥ ಸಾಧಾರಣ ಜೂಮ್ ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ನೆಲದ ಮೇಲಿನ ಗಾಳಿ ನಡುಗುವಾಗ ಎಷ್ಟೇ ಬೆಲೆಯ ಮಸೂರವೂ ಕೊರಳಪಟ್ಟಿಯನ್ನು ಓದಿಸದು. ಬೆಳಗಿನ ತಂಪು ಹೊತ್ತಿನಲ್ಲಿ ಹೋಗುವುದರಿಂದ ಆಗುವ ಲಾಭಕ್ಕೆ ಖರ್ಚೇ ಇಲ್ಲ.

ಮೊಬೈಲಿನ ಜೂಮ್

ಮೊಬೈಲಿನಲ್ಲೇ ಜೂಮ್ ಇದೆಯಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸಾಮಾನ್ಯವಾಗಿ ಮೊಬೈಲಿನಲ್ಲಿರುವುದು ಎರಡು ಮೂರು ಸ್ಥಿರ ಮಸೂರಗಳು. ನಡುವಿನ ಅಳತೆಗಳಲ್ಲಿ ನಡೆಯುವುದು ಚಿತ್ರದ ಅಂಚನ್ನು ಕತ್ತರಿಸಿ ಹಿಗ್ಗಿಸುವ ಕೆಲಸ. ಅಗಲವನ್ನು ಅರ್ಧಕ್ಕೆ ಕತ್ತರಿಸಿದರೆ 24 ದಶಲಕ್ಷ ಬಿಂದುಗಳಲ್ಲಿ ಉಳಿಯುವುದು 6 ದಶಲಕ್ಷ. ಕತ್ತರಿಸುವುದರಿಂದ ಹೊಸ ವಿವರ ಹುಟ್ಟುವುದಿಲ್ಲ.

ಕೊಳ್ಳುವಾಗ

ಮೂರು ಪ್ರಶ್ನೆ ಕೇಳಿಕೊಳ್ಳಿ. ನಾನು ನಡೆದು ದೂರವನ್ನು ಬದಲಿಸಬಹುದೇ? ಎದುರಿನ ವಸ್ತು ಮಂದ ಬೆಳಕಿನಲ್ಲಿ ಚಲಿಸುತ್ತದೆಯೇ? ಬೇಕಾದ ಸಂಗಮದೂರ ಒಂದೇ, ಹಲವೇ? ಮೊದಲ ಎರಡಕ್ಕೂ ಹೌದು, ಮೂರನೆಯದಕ್ಕೆ ಒಂದೇ ಎಂದಾದರೆ ಸ್ಥಿರ ಮಸೂರ. ಮೊದಲನೆಯದಕ್ಕೆ ಇಲ್ಲ, ಮೂರನೆಯದಕ್ಕೆ ಹಲವು ಎಂದಾದರೆ ಜೂಮ್. ಈಗಾಗಲೇ ಜೂಮ್ ಇದ್ದರೆ ಹಳೆಯ ಚಿತ್ರಗಳ ಕಡತದಲ್ಲಿ ದಾಖಲಾಗಿರುವ ಸಂಗಮದೂರಗಳನ್ನು ಎಣಿಸಿ ನೋಡಿ. ನೂರು ಚಿತ್ರಗಳಲ್ಲಿ ಎಷ್ಟು ಎಲ್ಲಿ ಗುಂಪುಗೂಡಿವೆ ಎಂಬುದು ಯಾವ ಸಲಹೆಗಿಂತಲೂ ಸ್ಪಷ್ಟವಾಗಿ ನಿಮ್ಮ ಅಗತ್ಯವನ್ನು ಹೇಳುತ್ತದೆ.

ಕೊಳ್ಳುವ ಮುನ್ನ ಗೋಡೆಗೆ ವೃತ್ತಪತ್ರಿಕೆಯ ಹಾಳೆ ಅಂಟಿಸಿ, ಜೂಮಾದರೆ ಎರಡು ತುದಿಗಳಲ್ಲೂ ನಡುವೆಯೂ ಚಿತ್ರ ತೆಗೆದು, ನಾಲ್ಕು ಮೂಲೆಗಳ ಅಕ್ಷರಗಳನ್ನು ಹಿಗ್ಗಿಸಿ ನೋಡಿ. ಬಳಸಿದ ಮಸೂರವಾದರೆ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಅಂಥದ್ದು ಬೇಡ.

ನಮ್ಮ ನಾಲ್ಕು ಕೆಲಸಗಳಿಗೆ ಬಂದರೆ, ತೇರಿಗೆ ಕ್ಯಾಮೆರಾದ ಜೊತೆಗೇ ಬರುವ 18–55 ಜೂಮ್ ಬಹುಮಟ್ಟಿಗೆ ಸಾಕು. ಉಳಿದ ಹಣದಲ್ಲಿ ಒಂದನ್ನೇ ಕೊಳ್ಳಬೇಕಾದರೆ ಶಾಸನ ಮತ್ತು ದೀಪದ ಬೆಳಕು ಮುಖ್ಯವೆನ್ನುವ ಇತಿಹಾಸ ಸಂಘ 50 ಮಿ.ಮೀ. ಎಫ್/1.8 ಕೊಳ್ಳಲಿ. ಬದಲಾಯಿಸಬಹುದಾದ ಮಸೂರಗಳಲ್ಲಿ ಅತಿ ಅಗ್ಗದವುಗಳಲ್ಲಿ ಅದೂ ಒಂದು. ಹಕ್ಕಿ ಮುಖ್ಯವೆನ್ನುವ ವಿಜ್ಞಾನ ಸಂಘ 55–250 ಜೂಮ್ ಕೊಳ್ಳಲಿ. ಯಾವುದು ಮೇಲು ಎಂಬ ಚರ್ಚೆಯನ್ನು ಅಂಗಡಿಯವರೊಡನೆ ಮಾಡಿ ಫಲವಿಲ್ಲ. ರಟ್ಟಿನ ಕಿಂಡಿ, ಅಳತೆಪಟ್ಟಿ, ಕೆಲಸಗಳ ಪಟ್ಟಿ ಹಿಡಿದು ಮೊದಲು ಆ ಜಾಗಗಳಿಗೆ ಹೋಗಿ ಬನ್ನಿ.